‘ನೋಡುವ’ ಎಂದ ಉಪಾಧ್ಯಕ್ಷರು

ಸತ್ತವರ ಬಗ್ಗೆ ನಾಲ್ಕು ಸಾಲು ಬರೆಯುವ ಕೆಲಸ ದೋಹಾದ ನಮ್ಮ ಕನ್ನಡ ಸಂಘದಲ್ಲಿ ಉಪಾಧ್ಯಕ್ಷನದು. ಬೈಲಾದಲ್ಲಿ ಹಾಗೆಂದು ಎಲ್ಲೂ ಬರೆದಿಲ್ಲ. ಅಧ್ಯಕ್ಷರಿಗೆ ಪುರುಸೊತ್ತಿಲ್ಲದ, ಕಾರ್ಯದರ್ಶಿಗೆ ಮನಸ್ಸಿಲ್ಲದ, ಖಜಾಂಚಿಗೆ ಸಂಬಂಧವಿಲ್ಲದ ಕೆಲಸಗಳೆಲ್ಲ ಹರಿದು ಬಂದು ನಿಲ್ಲುವ ಜಾಗಕ್ಕೆ ಉಪಾಧ್ಯಕ್ಷ ಎನ್ನುತ್ತಾರೆ, ಅಷ್ಟೇ. ಕಳೆದ ಶುಕ್ರವಾರ ಬೆಳಿಗ್ಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಿವೃತ್ತರಾಗಿ ಮರಳಿದ್ದ ನನ್ನ ಹಳೆಯ ಗೆಳೆಯರು ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಅವಸರದಲ್ಲಿ ಒಬ್ಬರು ಹುಟ್ಟುಹಬ್ಬದ ಕೇಕು ಹಾಕಿ, ಅಳಿಸಿ, ಕ್ಷಮೆ ಕೇಳಿ, ಮತ್ತೆ ಕೈಮುಗಿದರು. ಅಷ್ಟರಲ್ಲಿ ಅಲ್ ಖೋರ್‌ನಿಂದ ಅಧ್ಯಕ್ಷರ ಫೋನ್ ಬಂತು.

ನಮ್ಮ ಅಧ್ಯಕ್ಷರು ಹುಬ್ಬಳ್ಳಿ ಕಡೆಯವರು. ಮಾತು ನೇರ, ದನಿ ದೊಡ್ಡದು. ಅವರು ಫೋನ್ ಮಾಡಿದರೆ ಸ್ಪೀಕರ್ ಹಾಕುವ ಅಗತ್ಯವಿಲ್ಲ.

“ಸಾಹೇಬ್ರ, ಒಂದ್ ನಾಕ್ ಸಾಲು ಚಂದಾಗಿ ಬರೀರಿ. ತುಂಬಲಾರದ ನಷ್ಟ, ಚಿರಶಾಂತಿ, ಅದೆಲ್ಲಾ ಇರ್ಲಿ. ಆದ್ರ ಒಂದು ಮಾತು ತಪ್ಪಬಾರದು ನೋಡ್ರಿ. ಉಪಾಧ್ಯಕ್ಷ ಆಗ್ರಿ ಅಂತ ನಾನೇ ಅವ್ರ ಮನೀಗೆ ಹೋಗಿ ಕೇಳಿದ್ದೆ. ಒಲ್ಲೆ ಅಂದ್ರು! ಅಧಿಕಾರ ಬಾಗಲಕ್ಕ ಬಂದು ನಿಂತ್ರೂ ಒಲ್ಲೆ ಅಂದಾವ್ರು. ಇಂಥಾ ನಿಸ್ಪೃಹ ಮನಷ್ಯಾ ದೋಹಾದಾಗ ಇನ್ನೊಬ್ಬ ಸಿಗೂದಿಲ್ಲ. ಅದನ್ನ ಬರೀರಿ.”

“ಆಯ್ತು” ಎಂದೆ.

ಬರೆಯಲು ಕುಳಿತು ಎರಡು ದಿನವಾಯಿತು. ತುಂಬಲಾರದ ನಷ್ಟ ಬರೆದಾಗಿದೆ, ಚಿರಶಾಂತಿಯೂ ಆಗಿದೆ. ಆ ಒಂದು ಮಾತು ಮಾತ್ರ ಕೈಗೆ ಬರುತ್ತಿಲ್ಲ, ಏಕೆಂದರೆ ಅವರು ಒಲ್ಲೆ ಎಂದಿರಲಿಲ್ಲ. ಇದು ಗೊತ್ತಿದ್ದವರು ಮೂರೇ ಜನ. ಒಬ್ಬರು ಈಗ ಇಲ್ಲ. ಇನ್ನೊಬ್ಬಳು ನನ್ನ ಹೆಂಡತಿ. ಮೂರನೆಯವನು ಶ್ರದ್ಧಾಂಜಲಿ ಬರೆಯಲು ಕುಳಿತಿದ್ದಾನೆ.

ಅಲ್ ವುಕೈರ್‌ನಲ್ಲಿ ನಾವು ಒಂದೇ ಕಟ್ಟಡದವರು. ಅವರದು ಎರಡನೆಯ ಮಹಡಿ, ನನ್ನದು ನಾಲ್ಕನೆಯದು. ಇಬ್ಬರ ಆಫೀಸೂ ವೆಸ್ಟ್ ಬೇಯಲ್ಲಿ, ರಸ್ತೆಯ ಆಚೆ ಈಚೆ. ಹಾಗಾಗಿ ಎಂಟು ವರ್ಷ ನನ್ನ ಕಾರಿನ ಪಕ್ಕದ ಸೀಟು ಅವರದಾಗಿತ್ತು. ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕು ಸಲ ಫೇಲಾದ ಮೇಲೆ ಅವರು ಆ ಆಸೆಯನ್ನೇ ಬಿಟ್ಟಿದ್ದರು. “ಡ್ರೈವರಿನ ಪಕ್ಕದಲ್ಲಿ ಕೂತ್ಕೊಳ್ಳಿಕ್ಕೂ ಯೋಗ್ಯತೆ ಬೇಕು ಮಾರಾಯ್ರೆ. ಎಲ್ಲರಿಗೂ ಆಗುದಿಲ್ಲ” ಎನ್ನುತ್ತಿದ್ದರು. ಅವರಿಗೆ ಆ ಯೋಗ್ಯತೆ ಖಂಡಿತ ಇತ್ತು. ಕ್ಯಾಮೆರಾ ಎಲ್ಲಿದೆ, ಯಾವ ರೌಂಡ್‌ಅಬೌಟ್‌ನಲ್ಲಿ ಯಾವ ಲೇನ್ ಹಿಡಿಯಬೇಕು, ಹಿಂದಿನಿಂದ ಲೈಟ್ ಹೊಡೆಯುತ್ತ ಬರುವ ಲ್ಯಾಂಡ್ ಕ್ರೂಸರಿಗೆ ಯಾವಾಗ ದಾರಿ ಬಿಡಬೇಕು, ಎಲ್ಲ ಹೇಳುವರು. ಒಮ್ಮೆಯೂ ಬ್ರೇಕ್ ತುಳಿಯುವವರ ಹಾಗೆ ಕಾಲು ಒತ್ತಿದವರಲ್ಲ.

ಕೆಲಸ, ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಇಂಜಿನಿಯರುಗಳು ಬರೆದ ನಕ್ಷೆಗೆ ನಂಬರ್ ಹಾಕುವುದು, ಠಸ್ಸೆ ಒತ್ತುವುದು, ಹಳೆಯದನ್ನು ತೆಗೆದು ಹೊಸದನ್ನು ಇಡುವುದು. ದೋಹಾದ ಅರ್ಧ ಆಕಾಶ ಅವರ ಠಸ್ಸೆಯ ಕೆಳಗೆ ಹಾದುಹೋಗಿತ್ತು. ಒಂದು ಕಟ್ಟಡದ ಮೇಲೂ ಅವರ ಹೆಸರಿರಲಿಲ್ಲ. ಗಿಡ್ಡ ಆಳು, ಜೇಬಿನಲ್ಲಿ ಎರಡು ಪೆನ್ನು, ಒಂದು ಕಪ್ಪು, ಒಂದು ಕೆಂಪು. ಸದಾ ಟೈ. ಆ ಟೈ ಇದ್ದದ್ದು ಅಲಂಕಾರಕ್ಕಲ್ಲ, ಕನ್ನಡಕ ಒರೆಸಲು. ಮನಸ್ಸಿಗೆ ತುಂಬ ಹಿಡಿಸಿದ ಮಾತು ಬಂದಾಗಲೆಲ್ಲ ಅವರು ಕನ್ನಡಕ ತೆಗೆದು ಟೈಯ ತುದಿಯಿಂದ ಒರೆಸುವರು. ಕಣ್ಣಿನಲ್ಲಿ ಆಸೆ ಕಾಣಿಸಬಾರದು ಎಂದು ಹಾಗೆ ಮಾಡುತ್ತಾರೆಂದು ನನಗೆ ಅರ್ಥವಾಗಲು ಒಂದೆರಡು ವರ್ಷ ಹಿಡಿಯಿತು.

ಸಂಘದ ಮಕ್ಕಳು ಅವರನ್ನು ‘ಜೋಡಿ ಅಂಕಲ್’ ಎನ್ನುತ್ತಿದ್ದರು. ಜಗತ್ತಿನ ಯಾವ ಚುನಾವಣೆಯ ಸುದ್ದಿ ಬಂದರೂ ಅವರ ಮೊದಲ ಪ್ರಶ್ನೆ ಒಂದೇ, “ಅಧ್ಯಕ್ಷ ಇರ್ಲಿ, ಜೋಡಿ ಯಾರು?” ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತವರು ತಮ್ಮ ರನ್ನಿಂಗ್ ಮೇಟ್ ಯಾರೆಂದು ಹೇಳುವುದಕ್ಕೆ ವಾರಗಟ್ಟಲೆ ಕಾಯಿಸುತ್ತಾರಲ್ಲ, ಆ ವಾರಗಳು ಅವರಿಗೆ ಹಬ್ಬ. ರನ್ನಿಂಗ್ ಮೇಟ್ ಎಂಬುದನ್ನು ಕನ್ನಡದಲ್ಲಿ ಅವರಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ.

“ಅದು ಕಂಬಳದ ಜೋಡಿ ಹಾಗೆ. ಎರಡು ಕೋಣ ಒಟ್ಟಿಗೆ ಓಡ್ಬೇಕು. ಒಂದೇ ಕೋಣ ಓಡಿದ್ರೆ ಅದಕ್ಕೆ ಕಂಬಳ ಅಂತಾರಾ? ಅದು ಕಟ್ಟು ತಪ್ಪಿಸಿಕೊಂಡು ಬಂದ ಕೋಣ.”

ವಾರ್ತೆಯವರು ಅಧ್ಯಕ್ಷರಾಗಬೇಕಾದವರ ಬಗ್ಗೆ ಗಂಟಲು ಹರಿದುಕೊಳ್ಳುತ್ತಿರುವಾಗ ಇವರು ಜೋಡಿಯ ಶಾಸ್ತ್ರ ಬಿಚ್ಚುವರು. ಜೋಡಿ ಅಧ್ಯಕ್ಷನಿಗಿಂತ ಎತ್ತರ ಇರಬಾರದು, ಫೋಟೋ ಹಾಳಾಗುತ್ತದೆ. ಅಧ್ಯಕ್ಷನಿಗಿಂತ ಚೆನ್ನಾಗಿ ಭಾಷಣ ಮಾಡಬಾರದು, ಸಂಸಾರ ಹಾಳಾಗುತ್ತದೆ. ಅಧ್ಯಕ್ಷನ ಊರಿನವನಾಗಿರಬಾರದು, ಅಲ್ಲಿನ ವೋಟು ಹೇಗೂ ಬರುತ್ತದೆ. ಎಲ್ಲಿ ಇವನ ಮುಖ ಕಂಡರೆ ಆಗುವುದಿಲ್ಲವೋ ಅಲ್ಲಿಯವನಾಗಿರಬೇಕು. ಇಬ್ಬರ ಹೆಂಡಂದಿರೂ ಮಾತಾಡಿಕೊಂಡಿರಬೇಕು, ಆದರೆ ತುಂಬ ಅಲ್ಲ. “ಜೋಡಿ ಸರಿ ಬೀಳದಿದ್ರೆ ಅಧ್ಯಕ್ಷ ಖಲಾಸ್” ಎಂದು ಮುಗಿಸುವರು.

ಒಮ್ಮೆ ಅವರ ಆಫೀಸಿನ ಅಮೆರಿಕನ್ ಇಂಜಿನಿಯರ್ ತಮಾಷೆಗೆಂದು ಇವರ ಅಂದಾಜು ಕೇಳಿದನಂತೆ. ಇವರು ಬೆರಳು ಮಡಚಿ ಲೆಕ್ಕ ಹಾಕಿ, ಗಿಡ್ಡವೂ ಮಾತಿಗೆ ತಡವರಿಸುವವನೂ ಆದ ಯಾವನೋ ಸೆನೆಟರನ ಹೆಸರು ಹೇಳಿದರು. ಅವನ ಹೆಸರನ್ನು ಆ ಅಮೆರಿಕನ್ನೇ ಕೇಳಿರಲಿಲ್ಲ. ಕೊನೆಗೆ ಅಭ್ಯರ್ಥಿ ಆರಿಸಿದ್ದು ತನಗಿಂತ ಅರ್ಧ ಅಡಿ ಎತ್ತರದ ಒಬ್ಬ ಮಾತುಗಾರನನ್ನು. ಇವರಿಗೆ ಒಂದು ವಾರ ಬೇಸರ. “ಅಮೆರಿಕದವರಿಗೆ ಎಲ್ಲ ಬರ್ತದೆ, ಜೋಡಿ ಕಟ್ಲಿಕ್ಕೆ ಬರುದಿಲ್ಲ” ಎಂದು ಷರಾ ಬರೆದು ಆ ದೇಶದ ಕಡತ ಮುಚ್ಚಿದರು.

ಅಮೆರಿಕದಲ್ಲಿ ಅವರ ಅಂದಾಜು ಎಂದೂ ಸರಿಬೀಳಲಿಲ್ಲ. ನಮ್ಮ ಸಂಘದಲ್ಲಿ ಎಂದೂ ತಪ್ಪಲಿಲ್ಲ. ದೋಹಾದಲ್ಲಿರುವ ಕನ್ನಡದವರ ಕೂಟಗಳಲ್ಲಿ ನಮ್ಮದು ತೀರ ಚಿಕ್ಕದು, ಹೆಸರು ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಅದರ ಚುನಾವಣೆಯ ಗಾಂಭೀರ್ಯ ಮಾತ್ರ ಶ್ವೇತಭವನದ್ದು. ಆಫೀಸಿಗೆ ಹೋಗುವ ದಾರಿಯಲ್ಲಿ ಹಾರ್ನ್ ಹೊಡೆದರೆ ಕಾರಿಗೇ ಕರಕ್ ಚಾ ತಂದುಕೊಡುವ ಅಂಗಡಿಯೊಂದಿತ್ತು. ಚಾ ಕುಡಿದು ಮುಗಿಸಿ, ಖಾಲಿ ಪೇಪರ್ ಕಪ್ಪನ್ನು ಬೋರಲು ಹಾಕಿ, ಅದರ ಅಡಿಯಲ್ಲಿ ಕೆಂಪು ಪೆನ್ನಿನಿಂದ ಮುಂದಿನ ಉಪಾಧ್ಯಕ್ಷನ ಹೆಸರು ಬರೆದು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಇಟ್ಟುಬಿಡುವರು. ಪಟ್ಟಿ ಪ್ರಕಟವಾದ ಮರುದಿನ ತೆಗೆದು ತೋರಿಸುವರು. ಪ್ರತಿ ಸಲವೂ ಅದೇ ಹೆಸರು. ಅಧ್ಯಕ್ಷರು ಯಾವಾಗಲೂ ಕರಾವಳಿಯವರೇ ಆಗುತ್ತಿದ್ದುದರಿಂದ ಉಪಾಧ್ಯಕ್ಷರು ಬೆಂಗಳೂರು, ಮೈಸೂರು, ಬಯಲುಸೀಮೆಯ ಕಡೆಯಿಂದಲೇ ಬರುತ್ತಿದ್ದರು. ಇವರಿಗೆ ಅದು ನೀರು ಕುಡಿದಷ್ಟು ಸುಲಭ.

ಆ ಶಾಸ್ತ್ರಕ್ಕೆ ಅಚ್ಚುಕಟ್ಟಾಗಿ ಹೊಂದುವ ಒಬ್ಬ ಮನುಷ್ಯ, ಗಿಡ್ಡ, ಭಾಷಣ ಬಾರದ, ಯಾರೊಂದಿಗೂ ಜಗಳವಿಲ್ಲದ ಮನುಷ್ಯ, ನನ್ನ ಪಕ್ಕದ ಸೀಟಿನಲ್ಲೇ ಇಷ್ಟು ವರ್ಷ ಕೂತಿದ್ದಾನೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅವರಿಗಿದ್ದ ಒಂದೇ ಕೊರತೆ ಕರಾವಳಿಯವರಾಗಿದ್ದದ್ದು.

ಇನ್ನು ಹೋಳಿಗೆಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನ ಹೆಂಡತಿ ಮೈಸೂರಿನವಳು. ಮೊದಲ ಸಲ ಅವರನ್ನು ಯುಗಾದಿ ಊಟಕ್ಕೆ ಕರೆದಾಗ ಹೋಳಿಗೆ ಮಾಡಿದ್ದಳು. ಒಂದು ತಿಂದರು. “ಇನ್ನೊಂದು ಹಾಕ್ಲಾ?” ಎಂದಳು. “ಬೇಡ ಬೇಡ” ಎಂದು ಎಲೆಗೆ ಕೈ ಅಡ್ಡ ಹಿಡಿದರು. ಇವಳು “ಸರಿ” ಎಂದು ತಟ್ಟೆಯನ್ನು ಒಳಗೆ ಒಯ್ದೇಬಿಟ್ಟಳು. ಅಡಿಗೆಮನೆಯ ಬಾಗಿಲಿನವರೆಗೂ ಅವರ ಕಣ್ಣು ಆ ತಟ್ಟೆಯ ಹಿಂದೆಯೇ ಹೋದದ್ದನ್ನು ನಾನು ನೋಡಿದೆ. ಮರುದಿನ ಕಾರಿನಲ್ಲಿ, “ನಿಮ್ಮ ಮನೆಯವರದ್ದು ಹೋಳಿಗೆ ಭಾರೀ ಲಾಯಕ್. ಬಾಯಲ್ಲಿ ಇಟ್ಟದ್ದೇ ಗೊತ್ತಾಗ್ಲಿಲ್ಲ” ಎಂದರು.

“ಮತ್ತೆ ಬೇಡ ಅಂದ್ರಲ್ಲ?”

“ಒಂದೇ ಸಲ ಅಂದದ್ದಲ್ವಾ ಮಾರಾಯ್ರೆ.”

ನಾನು ಹೆಂಡತಿಗೆ ಪಾಠ ಮಾಡಿದೆ. ನಮ್ಮ ಕರಾವಳಿ ಕಡೆ ಮೊದಲ ಸಲ ‘ಬೇಡ’ ಎನ್ನುವುದು ಮರ್ಯಾದೆ. ಎರಡನೆಯ ಸಲ ‘ನೋಡುವ’ ಎನ್ನುತ್ತಾರೆ. ಮೂರನೆಯ ಸಲ ಎಲೆಯಿಂದ ಕೈ ತೆಗೆಯುತ್ತಾರೆ. ಕೇಳಿದ ಕೂಡಲೇ ಹೂಂ ಎಂದರೆ ಹೊಟ್ಟೆಬಾಕ ಎಂದಾಗುತ್ತದೆ. ‘ನೋಡುವ’ ಎಂದರೆ ನೋಡೋಣ ಎಂದಲ್ಲ. ಇನ್ನೊಮ್ಮೆ ಕೇಳಿ ಎಂದು. “ನಿಜವಾಗ್ಲೂ ಬೇಡದೇ ಇದ್ದಾಗ ಏನಂತಾರೆ?” ಎಂದು ಅವಳು ಕೇಳಿದಳು. “ಆಗಲೂ ‘ನೋಡುವ’ ಅಂತಲೇ ಅಂತಾರೆ. ಆದ್ರೆ ಇವರದ್ದೊಂದು ಗುರುತಿದೆ. ಕನ್ನಡಕ ಒರೆಸ್ತಾ ‘ನೋಡುವ’ ಅಂದ್ರೆ ಬೇಕು ಅಂತ” ಎಂದೆ. ಮುಂದಿನ ಯುಗಾದಿಗೆ ಅವರು ನಾಲ್ಕು ಹೋಳಿಗೆ ತಿಂದರು. ಹೆಂಡತಿ ಪಾಠವನ್ನು ಎಂದೂ ಮರೆಯಲಿಲ್ಲ. ಅದೇ ಆಮೇಲೆ ನನಗೆ ಕಷ್ಟವಾಯಿತು.

ನಾಲ್ಕು ವರ್ಷದ ಹಿಂದಿನ ಮಾತು. ಸಂಘಕ್ಕೆ ಮೊದಲ ಬಾರಿ ಕರಾವಳಿಯವರಲ್ಲದ ಒಬ್ಬರು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆಂದರು. ಅವರೇ ಈಗಿನ ನಮ್ಮ ಹುಬ್ಬಳ್ಳಿಯ ಅಧ್ಯಕ್ಷರು. ಎದುರಾಳಿ, ಮೂರು ಸಲ ಅಧ್ಯಕ್ಷರಾಗಿ ಕುರ್ಚಿಗೆ ತಮ್ಮ ಆಕಾರ ಕೊಟ್ಟಿದ್ದ ಒಬ್ಬ ಮಂಗಳೂರಿನವರು. ಹುಬ್ಬಳ್ಳಿಯವರು ಗೆಲ್ಲಬೇಕಾದರೆ ಕರಾವಳಿಯ ಜೋಡಿ ಬೇಕೇ ಬೇಕು. ಅಲ್ ಖೋರ್‌ನ ಕಂಪನಿ ಬಸ್ಸಿನಿಂದ ಹಿಡಿದು ವಕ್ರಾದ ಮೀನಿನ ಅಂಗಡಿಯವರೆಗೆ ಇದೇ ಚರ್ಚೆ, ಯಾರನ್ನು ಆರಿಸುತ್ತಾರೆ? ಉಡುಪಿಯವರನ್ನೋ ಪುತ್ತೂರಿನವರನ್ನೋ? ಬ್ಯಾರಿ ಭಾಷೆಯವರನ್ನೋ ತುಳುವಿನವರನ್ನೋ? ದಫ್ ಬಾರಿಸುವ ತಂಡವಿರುವವರನ್ನೋ ಯಕ್ಷಗಾನದ ವೇಷ ಇಟ್ಟುಕೊಂಡವರನ್ನೋ?

ನನ್ನ ಕಾರಿನಲ್ಲಿ ಮಾತ್ರ ಅವರು ಕ್ಯಾಮೆರಾ ಎಲ್ಲಿದೆ ಎಂದಷ್ಟೇ ಹೇಳಿದರು. ಚಾ ಕುಡಿದು ಕಪ್ಪನ್ನು ಬೋರಲು ಹಾಕಿದರು, ಪೆನ್ನು ತೆಗೆದರು, ಮತ್ತೆ ಜೇಬಿಗೆ ಹಾಕಿಕೊಂಡರು.

“ಬರೆಯುದಿಲ್ವಾ?” ಎಂದೆ.

“ಈ ಸಲ ಬೇಡ. ಅಂದಾಜು ಸಿಕ್ಕುದಿಲ್ಲ.”

ಆಮೇಲೆ ಕಡಲಂಚಿನ ಕಾರ್ನಿಷ್‌ನ ಸಿಗ್ನಲ್‌ನಲ್ಲಿ ನಿಂತಾಗ ತಾವಾಗಿಯೇ ಮಗಳ ಮದುವೆಯ ಮಾತು ತೆಗೆದರು. ಸಂಬಂಧ ಕೂಡಿಬಂದಿತ್ತು. ಕಾಗದ ಅಚ್ಚು ಹಾಕಿಸಬೇಕು. ಹುಡುಗನ ತಂದೆ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಹೆಸರಿನ ಕೆಳಗೆ ಅದು ಬರುತ್ತದೆ.

“ನನ್ನ ಹೆಸರಿನ ಕೆಳಗೆ ಎಂತ ಹಾಕುದು ಮಾರಾಯ್ರೆ? ಡಾಕ್ಯುಮೆಂಟ್ ಕಂಟ್ರೋಲರ್ ಅಂತ ಕನ್ನಡದಲ್ಲಿ ಬರೆದ್ರೆ ದಾಖಲೆ ನಿಯಂತ್ರಕ ಅಂತ ಆಗ್ತದೆ. ಪೊಲೀಸಿನವರ ಹಾಗೆ ಕೇಳ್ತದೆ. ಬರೀ ದೋಹಾ, ಕತಾರ್ ಅಂತ ಹಾಕಿದ್ರೆ ಲಗೇಜಿಗೆ ಅಂಟಿಸಿದ ಚೀಟಿ ಹಾಗೆ ಕಾಣ್ತದೆ.” ಸಿಗ್ನಲ್ ಹಸಿರಾದಾಗ, “ಉಪಾಧ್ಯಕ್ಷರು ಅಂತ ಒಂದು ಇದ್ರೆ ಲಕ್ಷಣ” ಎಂದು ಕನ್ನಡಕ ತೆಗೆದು ಒರೆಸಿದರು.

ಎಂಟು ವರ್ಷದಲ್ಲಿ ಅವರು ತಮಗಾಗಿ ಏನನ್ನಾದರೂ ಬೇಕು ಎಂದದ್ದು ಅದೊಂದೇ ಸಲ. ಅದೂ ಬಾಯಿಬಿಟ್ಟು ಅಂದದ್ದಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಷ್ಟು ವರ್ಷ ಪರದೇಶದಲ್ಲಿದ್ದು ಊರಿಗೆ ಬರಿಗೈಯಲ್ಲಿ ಹೋಗಲಿಲ್ಲ ಎಂದು ತೋರಿಸಲು ಅವರಿಗೆ ಬೇಕಾಗಿದ್ದದ್ದು ಒಂದು ಕಾಗದದ ಮೇಲೆ ಐದಕ್ಷರ.

ಅದೇ ವಾರ ಶುಕ್ರವಾರ ಸಂಜೆ ಹುಬ್ಬಳ್ಳಿಯವರು ಅಲ್ ಖೋರ್‌ನಿಂದ ಬಂದರು. ಮೊದಲು ಎರಡನೆಯ ಮಹಡಿಗೆ. ಅರ್ಧ ಗಂಟೆ ಕಳೆದು ನನ್ನ ಮನೆಯ ಬೆಲ್ ಬಾರಿಸಿದರು. ಬಂದವರೇ ಸೋಫಾದಲ್ಲಿ ಕುಸಿದು ಕೂತರು.

“ಏನ್ರೀ ಇದು? ನಿಮ್ಮ ದೋಸ್ತಗ ಕೇಳ್ದೆ. ‘ನೋಡುವ’ ಅಂದ್ರು. ಆಮ್ಯಾಲೆ ಕನ್ನಡಕ ಒರಸ್ಕೋತ ಕುಂತ್ರು, ಮುಂದ ಮಾತಿಲ್ಲ. ನಾ ಚಾ ಕುಡದು ಎದ್ದು ಬಂದೆ. ನಿಮ್ಮ ಕಡೆ ಹಂಗಂದ್ರ ಏನ್ರೀ? ಹೂಂ ಅಂತನೋ, ಒಲ್ಲೆ ಅಂತನೋ?”

ನನ್ನ ಹೆಂಡತಿ ಕಾಫಿ ತಂದು ಅಲ್ಲೇ ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ. ‘ಹೂಂ ಅಂತ. ಕೆಳಗೆ ಹೋಗಿ ಇನ್ನೊಂದು ಸಲ ಕೇಳಿ’ ಎಂದು ನಾನು ಹೇಳಬೇಕಾಗಿತ್ತು. ಅಷ್ಟು ಹೇಳಲು ಕಾಫಿ ಆರುವಷ್ಟು ಹೊತ್ತೂ ಬೇಡ. ಆದರೆ ಅದೇ ಕ್ಷಣ ನನ್ನ ತಲೆಯಲ್ಲಿ ಆ ಶಾಸ್ತ್ರವೆಲ್ಲ ಸರಸರನೆ ಬಂದು ನಿಂತಿತು. ನಾನೂ ಕರಾವಳಿಯವನೇ. ಹುಬ್ಬಳ್ಳಿಯವರಿಗಿಂತ ನಾನೂ ಗಿಡ್ಡ. ಭಾಷಣ ನನಗೂ ಬಾರದು.

“ನೋಡುವ ಅಂದ್ರೆ… ನೋಡೋಣ ಅಂತ” ಎಂದೆ.

ಸುಳ್ಳಲ್ಲ. ಯಾವ ನಿಘಂಟು ತೆರೆದರೂ ಅದೇ ಅರ್ಥ ಸಿಗುತ್ತದೆ.

“ಅಂದ್ರ ಮನಸಿಲ್ಲ ಅಂತ ಆತು. ಹೋಗ್ಲಿ ಬಿಡ್ರಿ, ಒತ್ತಾಯ ಮಾಡೂದು ತಪ್ಪು. ನೀವ ಆಗ್ತೀರೇನು?”

“ಆಯ್ತು” ಎಂದೆ.

ಅವರು ಹೋದ ಮೇಲೆ ಹೆಂಡತಿ ಕಪ್ಪುಗಳನ್ನು ಎತ್ತುತ್ತ, “ಒಂದೇ ಸಲಕ್ಕೆ ಹೂಂ ಅಂದ್ಬಿಟ್ರಲ್ಲ, ನೀವು ಕರಾವಳಿಯವ್ರು ತಾನೇ?” ಎಂದಳು.

ಶನಿವಾರ ಸಂಜೆ ಅಭ್ಯರ್ಥಿಗಳ ಪಟ್ಟಿ ಗುಂಪಿಗೆ ಬಂತು. ಇಲ್ಲಿ ವಾರದ ಕೆಲಸ ಶುರುವಾಗುವುದು ಭಾನುವಾರ; ಅಂದು ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಅವರು ಬರುವುದಿಲ್ಲವೇನೋ, ಬಾರದಿದ್ದರೆ ಒಳ್ಳೆಯದೇನೋ ಎಂದುಕೊಂಡಿದ್ದೆ. ಸರಿಯಾಗಿ ಆರು ಕಾಲಿಗೆ ಬಂದು ಕೂತರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ.

“ಗೋಳಿಬಜೆ. ಹೊಸ ಉಪಾಧ್ಯಕ್ಷರಿಗೆ” ಎಂದು ನಕ್ಕರು. “ನಿನ್ನೆ ಯಾರೋ ಬರ್ತಾರೆ ಅಂತ ಇವಳು ಹಿಟ್ಟು ಕಲಸಿಟ್ಟಿದ್ದಳು. ಬರ್ಲಿಲ್ಲ. ಹಿಟ್ಟು ಹಾಳಾಗ್ತದೆ ಅಂತ ಬೆಳಿಗ್ಗೆ ಎಣ್ಣೆಗೆ ಬಿಟ್ಳು.”

ಯಾರು ಬರಬೇಕಿತ್ತೆಂದು ನಾನು ಕೇಳಲಿಲ್ಲ. ಎರಡನೆಯ ಸಲ ಕೇಳಲು ಹುಬ್ಬಳ್ಳಿಯವರು ಬಂದೇ ಬರುತ್ತಾರೆಂದು ಅವರು ಶನಿವಾರವಿಡೀ ಕಾದಿದ್ದರು. ನಾನು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಿಂದ ಆ ಗೋಳಿಬಜೆ ತಿಂದೆ. ಚೆನ್ನಾಗಿದ್ದವು. ಅದು ಇನ್ನಷ್ಟು ಕಷ್ಟವಾಯಿತು.

“ಒಳ್ಳೆ ಜೋಡಿ ಮಾರಾಯ್ರೆ” ಎಂದು ಅವರೇ ಮಾತು ಮುಂದುವರಿಸಿದರು. “ಅಧ್ಯಕ್ಷರಿಗಿಂತ ನೀವು ಗಿಡ್ಡ. ಭಾಷಣ ನಿಮಗೆ ಬರುದಿಲ್ಲ. ನಮ್ಮ ಕಡೆಯವರು. ಎಲ್ಲ ಸರಿ ಉಂಟು. ನನಗೆ ಯಾಕೆ ಅಂದಾಜು ಸಿಕ್ಲಿಲ್ಲವೋ!”

ನಾವು ಗೆದ್ದೆವು. ಸಂಘದ ಇತಿಹಾಸದಲ್ಲೇ ಮೊದಲ ಬಾರಿ ಕರಾವಳಿ ಮತ್ತು ಉತ್ತರ ಕರ್ನಾಟಕ ಕೈಜೋಡಿಸಿದವು ಎಂದು ಕಾರ್ಯದರ್ಶಿ ಬರೆದ. ಕೈಜೋಡಿಸಿ ನಾನು ಮಾಡಿದ್ದು ಇಷ್ಟು: ಬ್ಯಾನರಿನ ಎಡತುದಿ ಹಿಡಿದೆ. ಊರಿನಿಂದ ಬಂದ ಮುಖ್ಯ ಅತಿಥಿಗಳಿಗೆ ಏರ್‌ಪೋರ್ಟಿನಲ್ಲಿ ಹೂಗುಚ್ಛ ಕೊಟ್ಟೆ. ಅವರು ಅದನ್ನು ನನ್ನ ಕಾರಿನಲ್ಲೇ ಬಿಟ್ಟು ಹೋದರು. ರಾಜ್ಯೋತ್ಸವದಲ್ಲಿ ವಂದನಾರ್ಪಣೆ ಮಾಡಿದೆ. ಆ ಹೊತ್ತಿಗೆ ಸಭೆ ಬಿರಿಯಾನಿಯ ಸಾಲಿನಲ್ಲಿತ್ತು. ಕುರ್ಚಿಗಳ ನಡುವೆ ಎರಡನೆಯ ಸಾಲಿನಲ್ಲಿ ಉಳಿದುಕೊಂಡವರು ಒಬ್ಬರೇ, ಅವರು. ನಾನು ಧನ್ಯವಾದ ಹೇಳಿದ ಪ್ರತಿಯೊಬ್ಬರಿಗೂ ಚಪ್ಪಾಳೆ ತಟ್ಟಿದರು. ಸೌಂಡ್ ಸಿಸ್ಟಮ್‌ನವರಿಗೂ ತಟ್ಟಿದರು. ಇದಕ್ಕಾಗಿಯೇ ನಾನು ಆ ಸಂಜೆ ಬಾಯಿ ಮುಚ್ಚಿಕೊಂಡದ್ದು ಎಂದು ವೇದಿಕೆಯ ಮೇಲೆ ನಿಂತು ನೆನೆದಾಗ ನಾಚಿಕೆಯಾಗುತ್ತಿತ್ತು. ಆದರೂ ಎರಡು ವರ್ಷದ ಮೇಲೆ ಪುನಃ ಕೇಳಿದಾಗ ಪುನಃ “ಆಯ್ತು” ಎಂದೆ. ಚಟ ಎಂದರೆ ಚಟವೇ.

ಮದುವೆಯ ಕಾಗದ ಬಂದದ್ದು ಗೆದ್ದ ವರ್ಷದ ಚಳಿಗಾಲದಲ್ಲಿ. ಅರಿಸಿನ ಹಚ್ಚಿದ ಮೂಲೆ, ಗಣಪತಿ, ಎಲ್ಲ ಇತ್ತು. ಅವರ ಹೆಸರಿನ ಕೆಳಗೆ ‘ದೋಹಾ, ಕತಾರ್’ ಎಂದಷ್ಟೇ ಇತ್ತು, ಲಗೇಜಿನ ಚೀಟಿಯ ಹಾಗೆ. ಕೊನೆಯಲ್ಲಿ ‘ತಮ್ಮ ಆಗಮನವನ್ನು ಬಯಸುವ’ ಬಂಧುಮಿತ್ರರ ಪಟ್ಟಿ. ಮಾವಂದಿರು, ಚಿಕ್ಕಪ್ಪಂದಿರು, ಅತ್ತೆಯಂದಿರು. ಎಲ್ಲರ ಕೆಳಗೆ ನನ್ನ ಹೆಸರು. ಅದರ ಮುಂದೆ ದಪ್ಪ ಅಕ್ಷರದಲ್ಲಿ ‘ಉಪಾಧ್ಯಕ್ಷರು’. ಆ ಐದಕ್ಷರವನ್ನು ಅವರು ಹೇಗೋ ಮಗಳ ಮದುವೆಯ ಕಾಗದದ ಮೇಲೆ ತರಿಸಿಯೇಬಿಟ್ಟಿದ್ದರು.

ಹೆಂಡತಿ ಕಾಗದವನ್ನು ಓದಿ ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತ ಹಾಕಿ ಸಿಕ್ಕಿಸಿದಳು. ಮದುವೆ ಮುಗಿದು ಮಗಳಿಗೆ ಮಗುವಾದರೂ ಅದು ಅಲ್ಲೇ ಇತ್ತು.

ಅವರ ನಿವೃತ್ತಿಯಾಯಿತು. ಮನೆಯವರು ಮೊದಲೇ ಊರಿಗೆ ಹೋಗಿದ್ದರು. ಏರ್‌ಪೋರ್ಟಿಗೆ ಬಿಟ್ಟದ್ದು ನಾನೇ. ದಾರಿಯುದ್ದಕ್ಕೂ ಯಾವ ಲೇನ್ ಹಿಡಿಯಬೇಕೆಂದು ಹೇಳುತ್ತ ಬಂದರು. ಊರಿನಲ್ಲಿ ಅವರು ಕೊಂಡ ಫ್ಲ್ಯಾಟಿನ ಅಸೋಸಿಯೇಷನ್ನಿಗೆ ಚುನಾವಣೆಯಂತೆ, ಯಾರು ಅಧ್ಯಕ್ಷರೆಂದು ಗೊತ್ತಾಗಿದೆಯಂತೆ, ಜೋಡಿ ಯಾರೆಂದು ಮಾತ್ರ ಗೊತ್ತಿಲ್ಲವಂತೆ. ಟ್ರಾಲಿಗೆ ಪೆಟ್ಟಿಗೆ ಏರಿಸಿ, ಒಳಗೆ ಹೋಗುವ ಗೇಟಿನ ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ.

“ಅವತ್ತು ಅಧ್ಯಕ್ಷರು ನಿಮ್ಮಲ್ಲಿಂದ ಸೀದಾ ನನ್ನ ಹತ್ರ ಬಂದಿದ್ರು. ನೋಡುವ ಅಂದ್ರೆ ಎಂತ ಅಂತ ಕೇಳಿದ್ರು. ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ.”

“ಗೊತ್ತುಂಟು” ಎಂದರು.

“ಹೇಗೆ?”

“ಅವರನ್ನು ಕಳಿಸಿ ನಾನು ಬಾಗಿಲಲ್ಲೇ ನಿಂತಿದ್ದೆ. ಲಿಫ್ಟು ನಾಲ್ಕಕ್ಕೆ ಹೋದದ್ದು ಕಂಡಿತು. ಖುಷಿ ಆಯ್ತು. ನಿಮ್ಮ ಹತ್ರ ಕೇಳ್ತಾರೆ, ನೀವು ಹೇಳ್ತೀರಿ, ಇಳಿ‌ಯುವಾಗ ಎರಡರಲ್ಲಿ ನಿಲ್ಲಿಸ್ತಾರೆ ಅಂತ ಎಣಿಸಿದೆ. ನಿಲ್ಲಿಲ್ಲ. ಮೂರು, ಎರಡು, ಒಂದು ಅಂತ ಸೀದಾ ಕೆಳಗೆ ಹೋಯ್ತು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಕ್ಷೆಯ ಮೇಲೆ ನಂಬರ್ ಓದುವವರ ಹಾಗೆ ಹೇಳಿದರು. ಎಲ್ಲ ಗೊತ್ತಿದ್ದೂ ಗೋಳಿಬಜೆ ತಂದಿದ್ದರು, ಚಪ್ಪಾಳೆ ತಟ್ಟಿದ್ದರು, ಕಾಗದದ ಮೇಲೆ ನನ್ನ ಹೆಸರು ಹಾಕಿಸಿದ್ದರು.

“ತಪ್ಪಾಯ್ತು. ಕ್ಷಮಿಸ್ಬೇಕು” ಎಂದೆ.

“ನೋಡುವ” ಎಂದರು.

ನಾನು ಅವರ ಕನ್ನಡಕವನ್ನೇ ನೋಡಿದೆ. ಒಂದು ಕೈಯಲ್ಲಿ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು. ಇನ್ನೊಂದು ಕೈ ಟ್ರಾಲಿಯ ಮೇಲೆ. ಪ್ರಯಾಣವೆಂದು ಟೈ ಕೂಡ ಕಟ್ಟಿರಲಿಲ್ಲ. ಒರೆಸಬೇಕೆಂದಿದ್ದರೂ ಆಗುತ್ತಿರಲಿಲ್ಲ. ಹಿಂದಿನಿಂದ ಒಂದು ದೊಡ್ಡ ಕುಟುಂಬ ಏಳು ಪೆಟ್ಟಿಗೆಗಳೊಂದಿಗೆ ಬಂದು ಯಲ್ಲಾ ಯಲ್ಲಾ ಎಂದು ನೂಕಿತು. ಅವರು ಒಳಗೆ ಹೋದರು. ಎರಡನೆಯ ಸಲ ಕೇಳುವುದು ನನ್ನ ಸರದಿಯಾಗಿತ್ತು. ಆಮೇಲೆ ಫೋನಿನಲ್ಲಿ ಹತ್ತಾರು ಸಲ ಮಾತಾಡಿದೆವು. ಅಸೋಸಿಯೇಷನ್ನಿನ ಜೋಡಿಯ ಬಗ್ಗೆ, ಮೊಮ್ಮಗುವಿನ ಬಗ್ಗೆ, ಅಮೆರಿಕದವರ ಅಜ್ಞಾನದ ಬಗ್ಗೆ. ಮುಂದಿನ ಸಲ ಕೇಳೋಣ ಎಂದು ಪ್ರತಿ ಸಲವೂ ಬಿಟ್ಟೆ. ಹೇಗೂ ಅವರು ಎಲ್ಲಿ ಹೋಗುತ್ತಾರೆ ಎಂದುಕೊಂಡೆ.

ಇವತ್ತು ಬೆಳಿಗ್ಗೆ ಕೊನೆಗೂ ನಾಲ್ಕು ಸಾಲು ಬರೆದು ಅಧ್ಯಕ್ಷರಿಗೆ ಕಳಿಸಿದೆ. ತುಂಬಲಾರದ ನಷ್ಟವನ್ನು ತೆಗೆದುಹಾಕಿದೆ. ‘ಇವರು ನಮ್ಮ ಸಂಘದ ಉಪಾಧ್ಯಕ್ಷರಾಗಲು ಒಪ್ಪಿದ್ದರು. ನೋಡುವ ಎಂದಿದ್ದರು. ಕೇಳಿದವರಿಗೆ ಅದರ ಅರ್ಥ ತಿಳಿಯಲಿಲ್ಲ; ತಿಳಿದಿದ್ದವನು ಹೇಳಲಿಲ್ಲ.’ ಇಷ್ಟೇ. ಅವರ ಹೆಸರು, ಹೆಸರಿನ ಕೆಳಗೆ ‘ಉಪಾಧ್ಯಕ್ಷರು’ ಎಂದು ದಪ್ಪ ಅಕ್ಷರದಲ್ಲಿ.

ಎರಡು ನಿಮಿಷದಲ್ಲಿ ಫೋನ್ ಬಂತು. ಹುಬ್ಬಳ್ಳಿಯ ಆ ದೊಡ್ಡ ದನಿಯನ್ನು ಅಷ್ಟು ಸಣ್ಣಗೆ ನಾನು ಎಂದೂ ಕೇಳಿರಲಿಲ್ಲ.

“ಸಾಹೇಬ್ರ, ತಿಳಿದಾಂವ ಯಾರ್ರೀ?”

ಹೆಂಡತಿ ಫ್ರಿಜ್ಜಿನ ಬಾಗಿಲು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ಅಧ್ಯಕ್ಷರು ಕೇಳಿದ್ದು ಒಂದೇ ಸಲ.

“ನಾನು” ಎಂದೆ.